ಶುಭದಿನದಲ್ಲಿ ಬೇಡವಾದ ಮಾತು

“ಗುರುಗಳೇ, ನಾಳೆ ನಿಮ್ಮಿಂದ ದೀಕ್ಷೆ ಪಡೆದ ಮೇಲೆ ನನಗೆ ಇನ್ನು ಯಾವ ಭಯವೂ ಇರುವುದಿಲ್ಲ ಅಲ್ಲವೇ?” ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಎಚ್ಚರದ ಮನುಷ್ಯ. ಬಹಳ ವರ್ಷ ಬೈಕಿನಲ್ಲೇ ಓಡಾಡಿ ಕೊನೆಗೊಂದು ಕಾರು ಕೊಂಡ. ಕಾರಿನ ಪೂಜೆಯ ದಿನ ವಿಮೆ ಏಜೆಂಟ್ ಮನೆಗೆ ಬಂದ.

“ಗಾಡಿಗೆ ಒಳ್ಳೆಯ ರಕ್ಷಣೆ ಇದೆ. ಆದರೆ ಕೆಲವಕ್ಕೆ ವಿಮೆ ಬರುವುದಿಲ್ಲ, ಅದನ್ನೂ ಕೇಳಿಬಿಡಿ” ಎಂದ ಏಜೆಂಟ್. “ಈಗ ನಿಮ್ಮ ಗಾಡಿ ನೀರಿನಲ್ಲಿ ಸಿಕ್ಕಿಕೊಂಡಿತು ಅಂತಿಟ್ಟುಕೊಳ್ಳಿ...”

“ಬಿಡ್ತು ಅನ್ನಿ ಸ್ವಾಮಿ! ಪೂಜೆಯ ದಿನ ಅಂಥ ಮಾತು ಯಾಕೆ? ಎಲ್ಲಿ ಸಹಿ ಹಾಕಬೇಕು ಹೇಳಿ.”

ಏಜೆಂಟ್ ಬೆರಳಿಟ್ಟು ತೋರಿಸಿದ. ವ್ಯಾಪಾರಿ ಸಹಿ ಹಾಕಿದ. ಇಬ್ಬರೂ ಸಿಹಿ ತಿಂದರು.

ಅಂದಿನಿಂದ ವ್ಯಾಪಾರಿಯ ಮನಸ್ಸು ಹಗುರಾಯಿತು. ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸುತ್ತಿದ್ದ. ಕಿರಿದಾದ ಓಣಿಗಳಲ್ಲೂ ನುಗ್ಗಿಸುತ್ತಿದ್ದ. ಯಾರಾದರೂ ಎಚ್ಚರಿಸಿದರೆ, “ವಿಮೆ ಇದೆಯಲ್ಲ” ಎನ್ನುತ್ತಿದ್ದ.

ಮಳೆಗಾಲದಲ್ಲೊಂದು ದಿನ ಹೆಂಡತಿಯನ್ನೂ ವಯಸ್ಸಾದ ತಾಯಿಯನ್ನೂ ಕೂರಿಸಿಕೊಂಡು ನೆಂಟರ ಮನೆಯ ನಾಮಕರಣದಿಂದ ಹಿಂದಿರುಗುತ್ತಿದ್ದ. ರೈಲು ಹಳಿಯ ಕೆಳಗೆ ಹಾದುಹೋಗುವ ರಸ್ತೆಯಲ್ಲಿ ನೀರು ತುಂಬಿತ್ತು. ಬೇರೆ ಗಾಡಿಗಳು ತಿರುಗಿಸಿಕೊಂಡು ಹೋಗುತ್ತಿದ್ದವು.

“ಬೇಡ ರೀ, ಸುತ್ತಿಕೊಂಡು ಹೋಗೋಣ” ಎಂದಳು ಹೆಂಡತಿ.

“ವಿಮೆ ಇದೆಯಲ್ಲ, ಹೆದರಿಕೆ ಯಾಕೆ?” ಎಂದು ಅವನು ಕಾರನ್ನು ನೀರಿಗೆ ಇಳಿಸಿದ.

ನಡುವೆ ಕಾರು ನಿಂತುಹೋಯಿತು. ಅವನು ಕೀಲಿ ತಿರುಗಿಸಿದ. ಮತ್ತೆ ಮತ್ತೆ ತಿರುಗಿಸಿದ. ಒಳಗೆ ಏನೋ ಮುರಿದ ಸದ್ದಾಯಿತು. ಕಾರಿನೊಳಗೆ ನೀರು ಮಂಡಿಯವರೆಗೆ ಬಂತು, ಬಾಗಿಲು ತೆರೆಯಲಿಲ್ಲ. ರಸ್ತೆಯ ಬದಿಯಲ್ಲಿದ್ದವರು ಎದೆಮಟ್ಟದ ನೀರಿಗಿಳಿದು, ಗಾಜು ಒಡೆದು, ಮೊದಲು ತಾಯಿಯನ್ನು, ಆಮೇಲೆ ಇಬ್ಬರನ್ನೂ ಹೊರಗೆಳೆದರು. ತಾಯಿಯ ನಡುಕ ಬಹಳ ಹೊತ್ತು ನಿಲ್ಲಲಿಲ್ಲ.

ಕಾರಿನ ಒಳಭಾಗ ಹಾಳಾಗಿದ್ದಕ್ಕೆ ವಿಮೆ ಬಂತು. ಎಂಜಿನ್ನಿಗೆ ಬರಲಿಲ್ಲ. ವ್ಯಾಪಾರಿ ಸಿಟ್ಟಿನಿಂದ ಏಜೆಂಟನ ಬಳಿ ಹೋದ.

“ರಕ್ಷಣೆ ಇದೆ ಅಂದಿರಲ್ಲ!”

“ನೀರು ನುಗ್ಗಿದ್ದಕ್ಕೆ ಕೊಡುತ್ತಾರೆ. ನೀರಿನೊಳಗೆ ನೀವೇ ಕೀಲಿ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ ಕೊಡುವುದಿಲ್ಲ. ಅದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕಿತ್ತು. ಅವತ್ತು ಹೇಳಲು ಹೊರಟಿದ್ದು ಇದನ್ನೇ. ನೀವು ಬೇಡ ಎಂದಿರಿ. ಒತ್ತಿ ಹೇಳಿದರೆ ಎಲ್ಲಿ ವಿಮೆಯನ್ನೇ ಕೊಳ್ಳುವುದಿಲ್ಲವೋ ಎಂದು ನಾನೂ ಸುಮ್ಮನಾದೆ.”

ವ್ಯಾಪಾರಿ ಮನೆಗೆ ಬಂದು ಏಜೆಂಟನನ್ನು ಬೈದ, ಕಂಪನಿಯನ್ನು ಬೈದ. ಹೆಂಡತಿ ಅತ್ತೆಗೆ ಗಂಜಿ ಕುಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

“ಎಂಜಿನ್ ಹೋಗಲಿ ಬಿಡಿ. ವಿಮೆ ಇಲ್ಲದಿದ್ದರೆ ನೀವು ಆ ನೀರಿಗೆ ಇಳಿಯುತ್ತಿದ್ದಿರಾ?” ಎಂದಳು.

ವ್ಯಾಪಾರಿ ತಾಯಿಯ ಮುಖ ನೋಡಿದ. ಹೆಂಡತಿಯ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡು ತಾನೇ ಕುಡಿಸತೊಡಗಿದ.

ಮರುವರ್ಷವೂ ಅವನು ಅದೇ ಏಜೆಂಟನನ್ನು ಕರೆಸಿದ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಯಾವುದಕ್ಕೆ ಕೊಡುವುದಿಲ್ಲ, ಮೊದಲು ಅದನ್ನು ಹೇಳಿ” ಎಂದ. ಹೇಳಿ ಮುಗಿಸಲು ಏಜೆಂಟನಿಗೆ ಬಹಳ ಹೊತ್ತು ಹಿಡಿಯಿತು. ಇಬ್ಬರೂ ಪೂರ್ತಿ ಕೇಳಿದರು. ಬೇಕಾದ ರಕ್ಷಣೆ ಸೇರಿಸಿ ವಿಮೆ ಕೊಂಡರು. ಆದರೂ ಆ ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಕಂಡಾಗಲೆಲ್ಲ ವ್ಯಾಪಾರಿ ಕಾರನ್ನು ತಿರುಗಿಸಿಕೊಂಡು ಬಂದ.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತ ನಕ್ಕು, “ಪಾಪ, ಆ ವ್ಯಾಪಾರಿ ಮೊದಲೇ ಕೇಳಬೇಕಿತ್ತು” ಎಂದ.

“ಗುರುಶಾಂತ, ನನ್ನ ದೀಕ್ಷೆಯಿಂದ ಏನೇನು ಆಗುವುದಿಲ್ಲ ಎಂದು ನೀನೂ ಇನ್ನೂ ಕೇಳಿಲ್ಲ” ಎಂದರು ಗುರುಗಳು.

“ಹಾಗಾದರೆ ಮೊದಲು ಅದನ್ನೇ ಹೇಳಿ, ಗುರುಗಳೇ” ಎಂದು ಶಿಷ್ಯ ಹತ್ತಿರ ಸರಿದು ಕುಳಿತ.