ಗೋಣಿಮರದ ಕಾಗೆಗಳು ಕೂಗಿದ ದಿನ

ಕಾಡಿನ ಅಂಚಿನಲ್ಲಿ ಒಂದು ಗೋಣಿಮರವಿತ್ತು. ಅಂಥಿಂಥ ಮರವಲ್ಲ ಮಕ್ಕಳೇ. ಆಕಾಶದಲ್ಲಿ ಹೋಗುವ ಮೋಡ ಅದರ ತುದಿಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾಗದೆ ಅಲ್ಲೇ ಮಳೆ ಸುರಿಸಿ ಹಗುರಾಗಿ ಹೋಗುತ್ತಿತ್ತು. ಈ ತುದಿಯ ಗೂಡಿನಿಂದ ಆ ತುದಿಯ ನೆಂಟರ ಮನೆಗೆ ಹೊರಟ ಕಾಗೆ ದಾರಿಯಲ್ಲೇ ಮುದಿಯಾಗುತ್ತಿತ್ತು. ಸುಳ್ಳೆನ್ನುವವರು ಹೋಗಿ ಅಳೆದು ಬರಲಿ.

ಆ ಮರದ ಕಾಗೆಗಳಿಗೆ ಒಂದು ಪದ್ಧತಿ. ಒಂದು ಕಾಗೆ "ಕಾ" ಎಂದರೆ ಸಾಕು, ಉಳಿದವೆಲ್ಲ "ಕಾ" ಎಂದು ಎರಗಬೇಕು. ಯಾಕೆ, ಏನು ಎಂದು ಕೇಳುವುದೆಲ್ಲ ಆಮೇಲೆ. ಹಾವು ಬಂದಾಗ, ಗಿಡುಗ ಬಂದಾಗ ಇದೇ ಪದ್ಧತಿ ಅವುಗಳನ್ನು ಉಳಿಸಿತ್ತು. ಹಾಗೆ ಉಳಿದು ಉಳಿದು, ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು.

ಒಂದು ವರ್ಷ ಮರ ಹಣ್ಣು ಬಿಡಲಿಲ್ಲ. ಹೊಟ್ಟೆ ಹಸಿಯಿತು, ಅದರ ಹಿಂದೆಯೇ ಹೆದರಿಕೆ ಬಂತು.

ಇದ್ದಿಲಯ್ಯನೆಂಬ ಮುದಿ ಕಾಗೆ ಇದೆಲ್ಲ ಸೂರ್ಯದೇವರ ಸಿಟ್ಟು ಎಂದಿತು. ಕಾಗೆ ಕೂಗಿದ ಮೇಲೆಯೇ ದೇವರು ಏಳುವುದು. ಕೋಗಿಲೆಗಳು ಅದಕ್ಕೂ ಮೊದಲೇ ಕೂಗಿ ನಿದ್ದೆ ಕೆಡಿಸಿವೆಯಂತೆ. ಮಸಿಯಪ್ಪನೆಂಬ ದಪ್ಪ ಕಾಗೆ ಅದನ್ನು ಒಪ್ಪಲಿಲ್ಲ. ಮರ ಕಾಗೆಗಳದ್ದು, ಕೋಗಿಲೆಗಳು ನಮ್ಮ ಗೂಡಲ್ಲೇ ಕದ್ದು ಮೊಟ್ಟೆಯಿಟ್ಟು ನಮ್ಮ ಮರ ತಿಂದುಹಾಕಿವೆ ಎಂದು ಎದೆಯುಬ್ಬಿಸಿತು. ದೇವರು ದೊಡ್ಡವನೋ ಮರ ದೊಡ್ಡದೋ ಎಂದು ಎರಡೂ ಸಭೆ ಸೇರಿಸಿ ಬೆಳಗೆಲ್ಲ ಜಗಳವಾಡಿದವು. ಆದರೆ ಮಾಡಬೇಕಾದ ಕೆಲಸದಲ್ಲಿ ಜಗಳವೇ ಇರಲಿಲ್ಲ. ಗೂಡುಗೂಡಿಗೆ ಹೋಗಿ ಮರಿಗಳ ಬಾಯಿ ಬಿಡಿಸುವುದು; "ಕಾ" ಎಂದರೆ ನಮ್ಮದು, ಎನ್ನದಿದ್ದರೆ ಕೆಳಕ್ಕೆ ತಳ್ಳುವುದು.

ಕಾಡಿಗೆವ್ವನೆಂಬ ತಾಯಿಕಾಗೆಗೆ ಇದನ್ನು ಕೇಳಿ ರೆಕ್ಕೆ ತಣ್ಣಗಾಯಿತು. ಅವಳಿಗೆ ಇದ್ದದ್ದು ಒಂದೇ ಮರಿ. ಹಿಂದಿನ ದಿನ ಅದು ನಿದ್ದೆಗಣ್ಣಲ್ಲಿ "ಕೂ" ಎಂದಿತ್ತು. ತುತ್ತು ಕೊಟ್ಟು ಬೆಳೆಸಿದ ಮರಿ ಕೋಗಿಲೆಯದೆಂದು ಆಗ ಗೊತ್ತಾಯಿತು. ಗೊತ್ತಾದ ಮೇಲೂ ಮರಿ ಅವಳದೇ. ಯಾರಿಗೂ ಅನುಮಾನ ಬರಬಾರದೆಂದು ಅವಳು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಗುಂಪು ಮೊದಲು ಪಕ್ಕದ ಗೂಡಿಗೆ ಬಂತು. ಅದು ನೇರಳೆವ್ವನದು. ಅವಳ ಮರಿ ಅಪ್ಪಟ ಕಾಗೆಮರಿ. ನೇರಳೆವ್ವ ಮೊಟ್ಟೆಯಿಟ್ಟದ್ದನ್ನೂ ಅದೇ ಮೊಟ್ಟೆಯೊಡೆದು ಮರಿ ಬಂದದ್ದನ್ನೂ ಕಾಡಿಗೆವ್ವ ಕಣ್ಣಾರೆ ಕಂಡಿದ್ದಳು. ಅಷ್ಟು ಕೊಕ್ಕುಗಳನ್ನು ಒಟ್ಟಿಗೆ ಕಂಡ ಮರಿಗೆ ದನಿಯೇ ಹೊರಡಲಿಲ್ಲ.

ಹಿಂದೆಲ್ಲೋ ಯಾರೋ "ಕಾ" ಎಂದರು. ಮರವೆಲ್ಲ "ಕಾ" ಎಂದಿತು. ಕಾಡಿಗೆವ್ವ ಒಂದು ಗಳಿಗೆ ತಡೆದಳು. ಸುಮ್ಮನಿದ್ದರೆ ಎಲ್ಲರೂ ತನ್ನ ಕಡೆ ತಿರುಗುತ್ತಾರಲ್ಲ ಎಂದು ಅವಳೂ ಕೂಗಿದಳು.

ಮರಿ ಕೆಳಗೆ ಬಿತ್ತು. ಬಿದ್ದ ಮೇಲೆ ಒಂದು ಸಲ, ಸ್ಪಷ್ಟವಾಗಿ, "ಕಾ" ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಗುಂಪು ಅಲ್ಲಿ ನಿಲ್ಲದೆ ಕಾಡಿಗೆವ್ವನ ಗೂಡಿಗೆ ಹಾರಿತು. ಅವಳು ರೆಕ್ಕೆ ಹರಡಿ ಅಡ್ಡ ಕೂತಳು. ರೆಕ್ಕೆಯಡಿಯಿಂದ ಮರಿ ಹೆದರಿ "ಕೂ" ಎಂದಿತು.

"ಕೇಳಿದಿರಾ?" ಎಂದಿತು ಮಸಿಯಪ್ಪ.

ಇನ್ನು ಒಂದು ಕೂಗು ಬೇಕಿತ್ತು, ಅಷ್ಟೇ. ಎಲ್ಲರೂ ನೇರಳೆವ್ವನನ್ನು ನೋಡಿದರು. ನೋವುಂಡವಳು ಅವಳು, ಅವಳೇ ಕೂಗಲಿ ಎಂದು.

ನೇರಳೆವ್ವ ಹತ್ತಿರ ಬಂದು ಕೂತಳು. "ಕಾಡಿಗೆವ್ವಾ, ನನ್ನ ಕೂಸನ್ನ ತಳ್ಳಿದ್ದು ಯಾರೇ? ಸೂರ್ಯದೇವರು ಇಳಿದು ಬಂದಿದ್ದನ್ನ ನಾನು ಕಾಣಲಿಲ್ಲ. ಈ ಮರವೂ ಕೊಂಬೆ ಅಲ್ಲಾಡಿಸಲಿಲ್ಲ. ನನ್ನ ಕಿವಿಗೆ ಬಿದ್ದದ್ದು ನಿನ್ನ ದನಿ."

"ನನ್ನದೇ ಅಕ್ಕಾ," ಎಂದಳು ಕಾಡಿಗೆವ್ವ. "ನನ್ನದು ಉಳೀಲಿ ಅಂತ ಕೂಗಿದೆ."

ನೇರಳೆವ್ವ ರೆಕ್ಕೆಯಡಿಯ ಮರಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗುಂಪಿನ ಕಡೆ ತಿರುಗಿ, "ನಾನು ಕೂಗೋದಿಲ್ಲ. ಬೇಕಾದವರು ಮೊದಲು ಕೂಗಿ," ಎಂದಳು.

ಅಲ್ಲೇ ಸಿಕ್ಕಿಬಿದ್ದವು ನೋಡಿ. ಎರಡನೆಯ ಕೂಗು ಕೂಗಿ ಅಭ್ಯಾಸವಿದ್ದ ಕಾಗೆಗಳಿಗೆ ಮೊದಲ ಕೂಗು ಗಂಟಲಿಂದ ಏಳಲಿಲ್ಲ. "ದೇವರ ಕೆಲಸ, ನೀನೇ ಕೂಗಯ್ಯ," ಎಂದಿತು ಮಸಿಯಪ್ಪ. "ಮರ ನಿನ್ನದಲ್ಲವೇನಪ್ಪ, ನೀನು ಕೂಗು," ಎಂದಿತು ಇದ್ದಿಲಯ್ಯ. ಒಂದೊಂದೇ ಕಾಗೆ, ಪಕ್ಕದವರ ಮುಖ ನೋಡಲಾರದೆ, ಗೂಡಿಗೆ ಹಾರಿತು.

ಕಾಡಿಗೆವ್ವನ ಮರಿ ಉಳಿಯಿತು. ಅವಳು ಏನಾದರೂ ಹೇಳೋಣವೆಂದು ತಿರುಗಿದರೆ ನೇರಳೆವ್ವ ಅಲ್ಲಿರಲಿಲ್ಲ. ಮರದ ಬುಡದಲ್ಲಿ, ತನ್ನ ಮರಿಯ ಪಕ್ಕ ಕೂತು, ಮುತ್ತುತ್ತಿದ್ದ ಇರುವೆಗಳನ್ನು ಕೊಕ್ಕಿನಿಂದ ತೆಗೆಯುತ್ತಿದ್ದಳು. ಕಾಡಿಗೆವ್ವ ಇಳಿದು ಹೋಗಿ ಸ್ವಲ್ಪ ದೂರದಲ್ಲಿ ಕೂತು, ಅವಳೂ ಇರುವೆ ತೆಗೆಯತೊಡಗಿದಳು. ನೇರಳೆವ್ವ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ನೀತಿ: ದೇವರ ಹೆಸರಾಗಲಿ ನಾಡಿನ ಹೆಸರಾಗಲಿ ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ; ಹೆದರಿಕೊಂಡು, ಕೇಳದೆ, ಗುಂಪಿನ ಕೂಗಿಗೆ ದನಿ ಸೇರಿಸಿದ ಪ್ರತಿಯೊಬ್ಬರಿಗೂ ಆ ಕೊಲೆಯಲ್ಲಿ ಪಾಲಿದೆ.