ಯಾರೂ ಉಣ್ಣದ ಎಲೆ

ಹೊಳೆಯ ದಂಡೆಯ ಮೇಲೆ ಒಂದು ಚಿಕ್ಕ ಆಶ್ರಮವಿತ್ತು. ಅಲ್ಲಿದ್ದ ಗುರುವಿನ ಹೆಸರು ಚೆನ್ನವೀರಯ್ಯ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಅಜ್ಜ.

ಒಂದು ದಿನ ಅಜ್ಜನ ಬಳಿಗೆ ಮೋನಪ್ಪ ಎಂಬ ಶಿಲ್ಪಿ ಬಂದ. ಹೊಳೆಯ ಮೇಲ್ಭಾಗದ ಊರಿನವನು. ಗುಡಿಯ ಬಾಗಿಲುವಾಡ, ನಂದಿ, ನಾಗರಕಲ್ಲು ಕೆತ್ತುತ್ತಿದ್ದವನು. ಈಗ ಉಳಿ ಮುಟ್ಟುವುದನ್ನು ಬಿಟ್ಟಿದ್ದ.

ನಮಸ್ಕಾರ ಮಾಡಿ ಎದ್ದವನು ಕುಳಿತುಕೊಳ್ಳಲಿಲ್ಲ. ನಿಂತೇ ಕೇಳಿದ.

“ಅಜ್ಜಾ, ನನಗೊಬ್ಬಾಕಿ ಮಗಳಿದ್ಲು. ಇನ್ನೂ ಆರು ತುಂಬಿರಲಿಲ್ಲ. ಜ್ವರ ಬಂತು, ಹೋದ್ಲು. ಅಷ್ಟಕ್ಕ ಆಕಿ ಯಾಕ ಬರಬೇಕಿತ್ತು? ಆ ಬದುಕಿಗೆ ಅರ್ಥ ಏನು?”

ಅಜ್ಜ ಅವನ ಮುಖ ನೋಡಿದರು. ಕೂಸಿನ ಹೆಸರೇನು ಎಂದು ಕೇಳಿದರು.

ಮೋನಪ್ಪ ಬಾಯಿ ತೆರೆದ. ಹೆಸರು ಹೊರಗೆ ಬರಲಿಲ್ಲ.

ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು.

“ಹೆಂಡತಿ ಅದಾಳ್ರಿ. ಗಂಗವ್ವ.”

“ಆಕೀನೂ ಇದನ್ನ ಕೇಳ್ತಾಳೇನು?”

“ಇಲ್ರಿ. ಆಕಿ ಏನೂ ಕೇಳೂದಿಲ್ಲ. ಕುಂತಲ್ಲಿ ನಿಂತಲ್ಲಿ ಕೂಸಿನ ಮಾತು ತೆಗೀತಾಳ. ಹಿಂಗ ನಗತಿತ್ತು, ಹಂಗ ಓಡತಿತ್ತು ಅಂತಾಳ. ನನಗ ಕೇಳಾಕ ಆಗೂದಿಲ್ಲ. ಎದ್ದು ಹೊರಗ ಹೋಗತಿದ್ದೆ. ಈಗ ಇಲ್ಲಿತನಕ ಬಂದೀನಿ.”

ಉತ್ತರ ಸಿಗುವ ತನಕ ಮನೆಗೆ ಹೋಗುವುದಿಲ್ಲ ಎಂದ. ಸಿಗದಿದ್ದರೆ ಹೋಗುವುದೇ ಇಲ್ಲ ಎಂದ.

ಅಜ್ಜ ಅಡುಗೆಮನೆಯ ಕಡೆ ಕೈ ತೋರಿಸಿದರು.

“ಇರು. ಖಾಲಿ ಕುಂದರಬ್ಯಾಡ. ರುದ್ರವ್ವನ ಹತ್ರ ಹೋಗಿ ಎಲಿ ಹಚ್ಚು.”

ಆಶ್ರಮಕ್ಕೆ ಮಧ್ಯಾಹ್ನ ಯಾರು ಬಂದರೂ ಊಟವಿತ್ತು. ಜೋಳದ ನುಚ್ಚು, ಸಾರು, ಕೆಲವು ದಿನ ರೊಟ್ಟಿ. ಊಟ ಮುತ್ತುಗದ ಎಲೆಯ ಮೇಲೆ. ನಡುವೆ ಒಂದು ದೊಡ್ಡ ಎಲೆ, ಸುತ್ತ ಒಂದರ ಮೇಲೊಂದು ಅಂಚು ಬರುವಂತೆ ಬೇರೆ ಎಲೆಗಳು. ಸಣ್ಣ ಕಡ್ಡಿಯಿಂದ ಚುಚ್ಚಿ ಸೇರಿಸಬೇಕು. ಹಚ್ಚಿದ್ದನ್ನು ಕಲ್ಲಿನ ಕೆಳಗಿಟ್ಟು ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಉಣ್ಣುವಾಗ ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತದೆ.

ಅಡುಗೆಮನೆ ರುದ್ರವ್ವನದು. ವಯಸ್ಸಾದ ಹೆಂಗಸು, ಮಾತು ಚುರುಕು. ಮೋನಪ್ಪನ ಕೈಯಲ್ಲಿ ಮೊದಲ ಎಲೆ ಹರಿಯಿತು. ಎರಡನೆಯದೂ ಹರಿಯಿತು.

“ಅದು ಕಲ್ಲಲ್ಲೋ ತಮ್ಮಾ,” ಎಂದಳು ರುದ್ರವ್ವ. “ನೀ ಸಿಟ್ಟು ಮಾಡಿದ್ರ ಅದು ತಡಕೊಳ್ಳೂದಿಲ್ಲ.”

ಅಂದು ಅವನು ಹಚ್ಚಿದ ಎಲೆ ಸೋರಿತು. ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ಮುದುಕನ ತೊಡೆಯ ಮೇಲೆಲ್ಲ ಸಾರು. ಮೋನಪ್ಪ ಒರೆಸಲು ಓಡಿದ. ಮುದುಕ ಅವನ ಕೈ ಸರಿಸಿ, ಇರಲಿ ಬಿಡಪ್ಪ, ಇವತ್ತು ನನ್ನ ಧೋತರದ್ದೂ ಊಟ ಆಯಿತು ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮೋನಪ್ಪ ನಗಲಿಲ್ಲ.

ದಿನ ಹೋದವು. ಅವನ ಬೆರಳು ಎಲೆಯ ನರ ಗುರುತಿಸಲು ಕಲಿತವು. ಕಡ್ಡಿ ಎಲ್ಲಿ ಚುಚ್ಚಬೇಕು, ಎಲ್ಲಿ ಚುಚ್ಚಬಾರದು ಎಂದು ಗೊತ್ತಾಯಿತು. ಅವನು ಹಚ್ಚಿದ ಎಲೆ ಈಗ ಸೋರುತ್ತಿರಲಿಲ್ಲ. ಆದರೆ ಊಟ ಮುಗಿದು ಜನ ತಮ್ಮ ತಮ್ಮ ಎಲೆ ಮಡಿಸಿ ಹಿತ್ತಲಿನ ತಿಪ್ಪೆಗೆ ಎಸೆಯುವಾಗ ಅವನು ಮುಖ ತಿರುಗಿಸುತ್ತಿದ್ದ.

ಒಂದು ದಿನ ಅಜ್ಜನ ಎದುರಿಗೆ ಹೋಗಿ ಕುಳಿತ.

“ಅಜ್ಜಾ, ಮುಂಜಾನೆ ಕೂತು ಹಚ್ಚಿದ್ದು ಮಧ್ಯಾಹ್ನಕ್ಕ ತಿಪ್ಪಿ ಸೇರತೈತಿ. ನಾ ಕೆತ್ತಿದ ನಂದಿ ಹಂಗಲ್ರಿ. ನನ್ನ ಮೊಮ್ಮಕ್ಕಳ ಕಾಲಕ್ಕೂ...”

ಅಲ್ಲಿಗೆ ಅವನ ಮಾತು ನಿಂತಿತು.



“ಇವತ್ತಿನ ಸಾರು ಹೆಂಗಿತ್ತು?” ಎಂದು ಅಜ್ಜ ಕೇಳಿದರು.

ಮೋನಪ್ಪ ನೆನಪಿಸಿಕೊಳ್ಳಲು ನೋಡಿದ. ಉಂಡಿದ್ದು ನಿಜ. ಏನು ಉಂಡೆ ಎಂಬುದೇ ಗೊತ್ತಾಗಲಿಲ್ಲ.

“ನೆನಪಿಲ್ರಿ.”

“ನಾಳೆ ಉಂಡು ಹೇಳು.”

ಮರುದಿನ ಬಂದು, ಉಪ್ಪು ಸ್ವಲ್ಪ ಕಡಿಮೆ ಇತ್ತು ಎಂದು ಹೇಳಿದ. ಹೌದು, ನನಗೂ ಹಾಗೇ ಅನಿಸಿತು ಎಂದರು ಅಜ್ಜ. ಬಾಗಿಲ ಬಳಿ ನಿಂತಿದ್ದ ರುದ್ರವ್ವ ಇದನ್ನು ಕೇಳಿಸಿಕೊಂಡಳು. ಆ ದಿನ ಇಬ್ಬರನ್ನೂ ಮಾತಾಡಿಸಲಿಲ್ಲ.

ಮೋನಪ್ಪನಿಗೆ ಇದು ಉತ್ತರ ಅನ್ನಿಸಲಿಲ್ಲ. ಅಜ್ಜನಿಗೂ ಗೊತ್ತಿಲ್ಲವೇನೋ ಎಂಬ ಅನುಮಾನ ಬಂತು. ಆದರೂ ಊರಿಗೆ ಹೋಗುವ ಮನಸ್ಸಾಗಲಿಲ್ಲ. ಊರಿನಲ್ಲಿ ಆ ಮನೆ ಇತ್ತು. ಮನೆಯಲ್ಲಿ ಆ ಮಾತುಗಳಿದ್ದವು.

ಆ ವಾರ ಬೀರಪ್ಪ ಎಂಬ ಕುರಿಗಾರ ಊಟಕ್ಕೆ ಬಂದ. ಮೋನಪ್ಪನ ಊರಿನವನೇ. ಬಡಿಸುತ್ತಿದ್ದವನ ಗುರುತು ಹಿಡಿದು ಕೈ ತಡೆದ.

ಊರಿನ ಸುದ್ದಿ ಹೇಳಿದ. ಗಂಗವ್ವ ಆರೋಗ್ಯವಾಗಿದ್ದಾಳೆ. ಒಬ್ಬಳೇ ಅಡುಗೆ ಮಾಡಿಕೊಳ್ಳುತ್ತಾಳೆ. ಆದರೆ ಓಣಿಯಲ್ಲಿ ಹೋಗುವವರನ್ನು ನಿಲ್ಲಿಸುತ್ತಾಳೆ.

“ನಿಲ್ಲಿಸಿ ಏನಂತಾಳ?” ಎಂದ ಮೋನಪ್ಪ.

ಬೀರಪ್ಪ ತುತ್ತನ್ನು ಎಲೆಯ ಮೇಲೆ ಇಟ್ಟ.

“‘ನಮ್ಮ ಕೂಸು ನಿನ್ನ ಕುರಿಮರಿ ಎತ್ತಿಕೊಂಡಿತ್ತಲ್ಲ, ನಿನಗ ನೆನಪೈತೇನು?’ ಅಂದ್ಲು ಮಾವಾ. ಐತಿ ಬೇ ಅಂದೆ. ಮತ್ತ ಏನು ಹೇಳಬೇಕು ತಿಳೀಲಿಲ್ಲ. ಕುರಿ ಮುಂದ ಹೋದವು ಅಂತ ನೆವ ಹೇಳಿ ಬಂದೆ. ಎಲ್ಲಾರೂ ಹಂಗ ಮಾಡ್ತೀವಿ.”

ಮೋನಪ್ಪ ಸಾರಿನ ಬಕೆಟ್ಟು ಅಲ್ಲೇ ಇಟ್ಟು ಹೊಳೆಯ ಕಡೆ ನಡೆದ. ಉಳಿದವರಿಗೆ ರುದ್ರವ್ವ ಬಡಿಸಿದಳು.

ಮುಂದಿನ ದಿನಗಳಲ್ಲಿ ಅವನು ಯಾರ ಜೊತೆಯೂ ಮಾತಾಡದೆ ಎಲೆ ಹಚ್ಚಿದ. ಹಾಗೆ ಹಚ್ಚುತ್ತಿರುವಾಗ ಒಂದು ಎಲೆ ಬೇರೆಯದೇ ಆಯಿತು. ಒಂದೇ ಮರದ, ಆಗಷ್ಟೇ ಬಲಿತ ಎಲೆಗಳು, ಎಲ್ಲವೂ ಒಂದೇ ಅಳತೆ. ಕಡ್ಡಿ ಕಾಣುತ್ತಿರಲಿಲ್ಲ. ಸುತ್ತಿನ ಅಂಚು ಕಡೆದಿಟ್ಟಂತೆ ದುಂಡಗೆ ಬಂದಿತ್ತು. ಮೋನಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಉಳಿದ ಎಲೆಗಳ ಜೊತೆ ಅದನ್ನು ಇಡಲಿಲ್ಲ. ತಾನು ಮಲಗುವ ಕೋಣೆಗೆ ಒಯ್ದು, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಕಲ್ಲು ಹೇರಿದ. ಅದು ಸುಕ್ಕಿಲ್ಲದೆ ಒಣಗಿತು. ದಿನಕ್ಕೊಮ್ಮೆ ಕಲ್ಲು ಇಳಿಸಿ ನೋಡುತ್ತಿದ್ದ. ಇದೊಂದು ತಿಪ್ಪೆಗೆ ಹೋಗಲಿಲ್ಲ ಎಂದುಕೊಳ್ಳುತ್ತಿದ್ದ.

ಅಮಾವಾಸ್ಯೆ ಬಂತು. ಆ ಸಲ ಯಾರೂ ನೆನೆಸದಷ್ಟು ಜನ. ಕಟ್ಟಿ ಇಟ್ಟಿದ್ದ ಎಲೆಗಳೆಲ್ಲ ತೀರಿದವು. ಕೊನೆಯ ಪಂಕ್ತಿ ಕುಳಿತಾಗ ಒಂದು ಎಲೆ ಕಡಿಮೆ ಬಿತ್ತು. ಕುಳಿತವರಲ್ಲಿ ಒಬ್ಬ ಹೆಂಗಸೂ ಅವಳ ಪುಟ್ಟ ಮಗಳೂ ಇದ್ದರು.

“ಮೋನಪ್ಪಾ, ಎಲ್ಲೆರ ಒಂದು ಎಲಿ ಉಳದೈತೇನು ನೋಡೋ,” ಎಂದು ರುದ್ರವ್ವ ಕೂಗಿದಳು.

“ಇಲ್ಲ ಬೇ,” ಎಂದ.

ಪರವಾಗಿಲ್ಲ, ನಾವಿಬ್ಬರೂ ಒಂದರಲ್ಲೇ ಉಣ್ಣುತ್ತೇವೆ ಎಂದಳು ಆ ಹೆಂಗಸು. ನುಚ್ಚು ಬಡಿಸಿದ್ದೂ ಮೋನಪ್ಪನೇ. ತಾಯಿ ನುಚ್ಚನ್ನು ಬೆರಳಿನಿಂದ ಮಗಳ ಕಡೆಗೆ ಸರಿಸಿದಳು. ಮಗಳು ಅದನ್ನು ತಿರುಗಿ ತಾಯಿಯ ಕಡೆಗೆ ಸರಿಸಿದಳು. ಅದು ಆಟವಾಯಿತು. ನಡುವೆ ಸಾರು ಹರಿದು ಎರಡೂ ಕಡೆ ಒಂದಾಯಿತು. ಹುಡುಗಿ ಜೋರಾಗಿ ನಕ್ಕಳು.

ಮೋನಪ್ಪ ಅವರು ಉಂಡು ಎದ್ದು ಹೋಗುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಕೋಣೆಗೆ ಹೋಗಿ ಆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಅಜ್ಜ ಜಗುಲಿಯ ಮೇಲೆ ಕುಳಿತಿದ್ದರು. ಅವರ ಮುಂದೆ ಇಟ್ಟ.

“ಎಲಿ ಇತ್ರಿ. ಇಲ್ಲ ಅಂತ ಸುಳ್ಳು ಹೇಳಿದೆ.”

ಅಜ್ಜ ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಬಹಳ ಚೆನ್ನಾಗಿ ಹಚ್ಚಿದ್ದೀಯ ಎಂದರು. ಎಂದಿನದು ಎಂದು ಕೇಳಿದರು. ಹೋದ ತಿಂಗಳದು ಎಂದ ಮೋನಪ್ಪ. ಒಂದು ಕಡ್ಡಿಯೂ ಸಡಿಲವಾಗಿಲ್ಲ ಎಂದ.

“ಇದರಾಗ ಯಾರು ಉಂಡ್ರು?”

“ಯಾರೂ ಉಂಡಿಲ್ರಿ. ಅದಕ್ಕ ಉಳದೈತಿ.”

ಹಾಗೆಂದವನು ತನ್ನ ಮಾತು ತಾನೇ ಕೇಳಿಸಿಕೊಂಡವನಂತೆ ಎಲೆಯ ಕಡೆ ನೋಡಿದ.

ಅಜ್ಜ ತಂಬಿಗೆಯಿಂದ ನೀರು ತೆಗೆದುಕೊಂಡು ಎಲೆಯ ಮೇಲೆ ಚಿಮುಕಿಸಿದರು. ಕೈಯಿಂದ ಸವರಿದರು. ರುದ್ರವ್ವನನ್ನು ಕರೆದು, ಇವನಿನ್ನೂ ಉಂಡಿಲ್ಲ, ಏನಿದೆಯೋ ತೆಗೆದುಕೊಂಡು ಬಾ ಎಂದರು.

ತಳದ ನುಚ್ಚು ಉಳಿದಿತ್ತು, ಒಂದು ರೊಟ್ಟಿ ಇತ್ತು. ರುದ್ರವ್ವ ಎಲೆ ನೋಡಿದಳು, ಮೋನಪ್ಪನ ಮುಖ ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಡಿಸಿ ಒಳಗೆ ಹೋದಳು.

“ಉಣ್ಣು,” ಎಂದರು ಅಜ್ಜ.

ಮೋನಪ್ಪ ರೊಟ್ಟಿ ಮುರಿಯಲು ಕೈ ಹಾಕಿದ. ಕೈ ಅಲ್ಲೇ ನಿಂತಿತು.

“ಆಕಿ ರೊಟ್ಟಿ ಹೆಂಗ ತಿನ್ನತಿದ್ಲು?” ಎಂದು ಅಜ್ಜ ಕೇಳಿದರು.

ಮೋನಪ್ಪ ಎಲೆಯನ್ನೇ ನೋಡುತ್ತಿದ್ದ.

“ನಡುವ ತೂತು ಮಾಡತಿದ್ಲು,” ಎಂದ ಕೊನೆಗೆ. “ಆ ತೂತಿನಾಗಿಂದ ನನ್ನ ನೋಡಿ, ‘ಅಪ್ಪಾ, ನೀ ರೊಟ್ಟಿಯೊಳಗ ಅದೀ’ ಅಂತಿದ್ಲು. ಎಲ್ಲಾರನ್ನೂ ಹಂಗ ನೋಡೂದ ಆಗಬೇಕು, ಆಮ್ಯಾಲ ತಿನ್ನೂದು. ಅಷ್ಟರಾಗ ರೊಟ್ಟಿ ಆರಿ ಹೋಗತಿತ್ತು. ನಾ ಬೈತಿದ್ದೆ.”

ಒಂದು ತುತ್ತು ಬಾಯಿಗಿಟ್ಟ.

“ಹೊನ್ನವ್ವ ಅಂತ ಹೆಸರಿಟ್ಟಿದ್ವಿ. ಹೊನ್ನೀ ಅಂತ ಕರೀತಿದ್ವಿ.”

ಆಮೇಲೆ ಅವನು ಉಣ್ಣುತ್ತ ಹೇಳಿದ, ಹೇಳುತ್ತ ಉಂಡ. ಅವಳಿಗೆ ಕಪ್ಪೆಯ ಹೆದರಿಕೆ ಇತ್ತಂತೆ, ಹಾವಿನದು ಇರಲಿಲ್ಲವಂತೆ. ಎಣ್ಣೆ ಹಚ್ಚಿ ತಲೆ ಬಾಚುವಾಗ ಅವ್ವನ ಕೈಗೆ ಸಿಗದೆ ಕಣಜದ ಹಿಂದೆ ಅಡಗುತ್ತಿದ್ದಳಂತೆ. ಅಡಗಿದವಳು ಕೆಮ್ಮಿ ತಾನೇ ಸಿಕ್ಕಿಬೀಳುತ್ತಿದ್ದಳಂತೆ. ಅವನು ಕೆಲಸ ಮಾಡುವಲ್ಲಿಗೆ ಬಂದು ಕಲ್ಲಿನ ಹುಡಿ ಮೈಗೆಲ್ಲ ಬಳಿದುಕೊಳ್ಳುತ್ತಿದ್ದಳಂತೆ.

“‘ನಾ ಮೂರ್ತಿ ಆಗೀನಿ, ನನ್ನ ಮಾತಾಡಸಬ್ಯಾಡ’ ಅಂತ ಕಣ್ಣು ಮುಚ್ಚಿ ನಿಲ್ಲತಿದ್ಲು ಅಜ್ಜಾ. ಮೂಗಿನ ಮ್ಯಾಲ ಒಂದು ನೊಣ ಕುಂತ್ರ ಸಾಕು, ಮೂರ್ತಿ ಚೀರಿಕೊಂಡು ಓಡತಿತ್ತು.”

ಹೇಳುತ್ತಿದ್ದವನು ನಕ್ಕ. ನಗುವಾಗಲೇ ಕಣ್ಣೀರು ಬಂತು. ಅದನ್ನು ಒರೆಸಿಕೊಳ್ಳಲಿಲ್ಲ. ಎಲೆ ಖಾಲಿಯಾಗಿತ್ತು. ಮಾತಾಡುತ್ತಲೇ ಅದನ್ನು ಮಡಿಸಿದ. ಮಾತಾಡುತ್ತಲೇ ಎದ್ದು ಹಿತ್ತಲಿಗೆ ಹೋಗಿ, ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು ಬಂದು ಮತ್ತೆ ಕುಳಿತ.

ಬಿಸಿಲು ಜಗುಲಿಯಿಂದ ಅಂಗಳಕ್ಕೆ ಇಳಿದಿತ್ತು. ಊರಿನ ದಾರಿಯಲ್ಲಿ ಜನ ಗುಂಪು ಗುಂಪಾಗಿ ಹಿಂದಿರುಗುತ್ತಿದ್ದರು.

“ಇನ್ನೂ ಅದಾವ್ರಿ ಅಜ್ಜಾ,” ಎಂದ ಮೋನಪ್ಪ. “ಭಾಳ ಅದಾವ.”

ಅಜ್ಜ ಗೋಡೆ ಹಿಡಿದು ನಿಧಾನವಾಗಿ ಎದ್ದರು. ಅವನ ಹೆಗಲ ಮೇಲೆ ಕೈ ಇಟ್ಟು, ಅವನ ಊರಿನ ದಾರಿಯ ಕಡೆ ನೋಡಿದರು.

“ಉಳಿದದ್ದನ್ನ ಕೇಳಾಕ ನಾ ಯಾರಪಾ?”