ಎತ್ತುವುದಿಲ್ಲ ಎಂದ ಖಲಾಸಿಯ ಮಗ

“ಅಳಿವೆಪಟ್ಟಣದ ಮಹಾಜನರೇ, ಕೇಳಿರಿ! ರಾಜಕುಮಾರಿ ನೀಲಾಂಬೆಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರೊಡನೆ ಮದುವೆ, ಅದರ ಮೇಲೆ ಕೇಳಿದ ಒಂದು ವರ. ಒಂದು ತಪ್ಪಿದರೂ ಹೊಸ ಹಡಗಿನ ಕಪಾಟಿಗೆ ಕಟ್ಟಿ ಮೊದಲ ಪಯಣಕ್ಕೆ ಕಳಿಸಲಾಗುವುದು!”

ಆ ಹಡಗಿನ ಮೊದಲ ಪಯಣವೇ ಕೊನೆಯ ಪಯಣ ಎಂಬುದು ಬಂದರಿನ ಕೂಸಿಗೂ ಗೊತ್ತಿತ್ತು.

ಯಾಕೆಂದರೆ, ರಾಜ ಗಂಡುಗಲಿರಾಯನಿಗೆ ದೂರದೇಶದಿಂದ ಕಬ್ಬಿಣದ ಕಪಾಟುಗಳು ಬಂದಿದ್ದವು. ಒಂದೊಂದೂ ಆನೆಮರಿಯಷ್ಟು ಭಾರ. ಒಳಗೆಲ್ಲ ತಂತಿ, ದೀಪ, ವಿದ್ಯುತ್ತಿನ ಯಂತ್ರ. ಹಡಗಿನಲ್ಲಿಟ್ಟರೆ ಕಗ್ಗತ್ತಲಲ್ಲೂ ಎದುರಿನ ಬಂಡೆಯನ್ನು ತೋರಿಸುತ್ತವಂತೆ. ರಾಜನಿಗೆ ಬಂಡೆ ಕಾಣುವುದಕ್ಕಿಂತ ಕಪಾಟು ಊರಿಗೆಲ್ಲ ಕಾಣುವುದು ಮುಖ್ಯ. ಹಡಗಿನ ತುತ್ತತುದಿಯ ಅಟ್ಟದಲ್ಲಿ, ತನ್ನ ಸಿಂಹಾಸನದ ಪಕ್ಕದಲ್ಲೇ ಅವನ್ನು ನಿಲ್ಲಿಸಬೇಕೆಂದು ಅಪ್ಪಣೆ ಮಾಡಿದ. ಬಂದರಿನಲ್ಲಿ ಭಾರ ಎತ್ತುವ ಖಲಾಸಿಗಳ ಮುಖಂಡ ಬೂದಣ್ಣ ಹಡಗು ಹತ್ತಿ ನೋಡಿ ಬಂದು, “ಅಲ್ಲಿಗೆ ಎತ್ತೂದಿಲ್ಲ ಒಡೆಯಾ, ಹಡಗು ಮಗುಚ್ತದೆ” ಎಂದುಬಿಟ್ಟ. ರಾಜ ಅವನನ್ನು ಸೆರೆಗೆ ತಳ್ಳಿದ. “ಇವನನ್ನು ಕಪಾಟಿಗೆ ಕಟ್ಟಿಯೇ ಹಡಗು ಬಿಡುತ್ತೇನೆ” ಎಂದು, ಬೇರೆ ಊರಿನ ಖಲಾಸಿಗಳನ್ನು ಕರೆತರಲು ಆಳು ಕಳಿಸಿದ. ಅಷ್ಟರಲ್ಲಿ ರಾಜಕುಮಾರಿ ಒಗಟಿನ ಮಾತು ತೆಗೆದಳು. ಒಗಟು ಅವಳದು, ಶಿಕ್ಷೆ ಮಾತ್ರ ಅಪ್ಪನದು.

ಮೊದಲು ಬಂದವನು ನೆರೆರಾಜ್ಯದ ಸೇನಾಪತಿಯ ಮಗ. ನೀಲಾಂಬೆ ಕೇಳಿದಳು: “ಮೈ ಬರುವ ಮೊದಲೇ ಎಲುಬುಗೂಡು ಮನೆ ಹೊಕ್ಕು ನೋಡಿಕೊಂಡು ಬರುತ್ತದೆ. ಅದು ಯಾವುದು?”

“ದೆವ್ವ!” ಎಂದ ಅವನು, ಮೀಸೆ ತಿರುವುತ್ತ. ಭಟರು ಎಳೆದುಕೊಂಡು ಹೋದರು.

ಮುತ್ತಿನ ವ್ಯಾಪಾರಿಯೊಬ್ಬ ಬಂದು ಬಹಳ ಹೊತ್ತು ಗಡ್ಡ ಕೆರೆದುಕೊಂಡು, “ಮಾವನ ಮನೆಗೆ ಬರುವ ಬಡಕಲು ಅಳಿಯ” ಎಂದ. ಸಭೆ ಗೊಳ್ಳೆಂದು ನಕ್ಕಿತು. ಅವನನ್ನೂ ಎಳೆದುಕೊಂಡು ಹೋದಾಗ ನಗು ಅಲ್ಲೇ ನಿಂತಿತು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಆಗ ಬಂದವನು ದೂಮ. ಮಾಸಿದ ಪಂಚೆ, ಹಗ್ಗ ಉಜ್ಜಿ ಉಜ್ಜಿ ಬೊಕ್ಕೆ ಎದ್ದ ಅಂಗೈ.

“ನೀನು ಯಾರೋ?” ಎಂದ ರಾಜ.

“ಸೆರೆಯಲ್ಲಿರುವ ಬೂದಣ್ಣನ ಮಗ.”

“ನಿನಗೂ ಮದುವೆಯ ಆಸೆಯೋ?”

“ಅಪ್ಪನನ್ನು ಬಿಡಿಸಿಕೊಂಡು ಹೋಗುವ ಆಸೆ ಒಡೆಯಾ.”

ದೂಮನಿಗೆ ಹೆದರಿಕೆ ಇತ್ತು. ಆದರೆ ನಿಜ ಹೇಳಿದ ಅಪ್ಪನನ್ನು ಕಳ್ಳನ ಹಾಗೆ ಕೂಡಿಹಾಕಿದ್ದಾರಲ್ಲ ಎಂಬ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಮೊದಲ ಒಗಟು ಕೇಳಿದ್ದೇ ಅವನು ಹೇಳಿದ: “ಅದು ನಮ್ಮ ಬಿದಿರಿನ ಚೌಕಟ್ಟು. ಕಪಾಟಿನ ಅಳತೆಗೆ ಬಿದಿರು ಕಟ್ಟಿ, ಅದನ್ನು ಹೊತ್ತು ಹಡಗಿನ ಬಾಗಿಲು, ತಿರುವು ಎಲ್ಲ ದಾಟಿಸಿ ನೋಡ್ತೇವೆ. ಬಿದಿರು ಸಿಕ್ಕಿಬಿದ್ದಲ್ಲಿ ಕಬ್ಬಿಣವೂ ಸಿಕ್ಕಿಬೀಳ್ತದೆ. ಅದು ಹೋಗಿ ಬಂದ ಮೇಲೇ ನಾವು ಭಾರ ಮುಟ್ಟೂದು.”

ನೀಲಾಂಬೆ ತಲೆಯಾಡಿಸಿದಳು. ಬೂದಣ್ಣ ಆ ಚೌಕಟ್ಟು ಹೊತ್ತು ಹಡಗೆಲ್ಲ ಸುತ್ತಿದ್ದನ್ನು ಅವಳು ಅರಮನೆಯ ಕಿಟಕಿಯಿಂದ ಕಂಡಿದ್ದಳು. ಎರಡನೆಯದನ್ನು ಕೇಳಿದಳು: “ಬಿಗಿದು ಕಟ್ಟಿದರೆ ತಾನು ಸಾಯುತ್ತಾನೆ, ಕಟ್ಟದೆ ಬಿಟ್ಟರೆ ಪಕ್ಕದವರನ್ನು ಕೊಲ್ಲುತ್ತಾನೆ. ಅವನನ್ನು ಹೇಗೆ ಇಟ್ಟುಕೊಳ್ಳಬೇಕು?”

ದೂಮ ಮನಸ್ಸಿನಲ್ಲೇ ಒಂದೊಂದನ್ನು ತೂಗಿ ನೋಡಿದ. ಆನೆಯೇ? ಹುಚ್ಚನೇ? ರಾಜ ನಗುತ್ತ, “ಹಗ್ಗ ತನ್ನಿರೋ” ಎಂದ.

“ಹಗ್ಗ ಇರಲಿ ಒಡೆಯಾ, ಇದೂ ಕಪಾಟೇ!” ಎಂದ ದೂಮ. “ಹಡಗಿನ ನೆಲಕ್ಕೆ ಗಟ್ಟಿಯಾಗಿ ಬಿಗಿದರೆ ಅಲೆಯ ಪೆಟ್ಟೆಲ್ಲ ಒಳಗಿನ ಯಂತ್ರಕ್ಕೇ ತಾಗಿ ಅದು ಹಾಳಾಗ್ತದೆ. ಬಿಟ್ಟರೆ ಉರುಳಿ ಜನರ ಮೇಲೆ ಬೀಳ್ತದೆ. ಅಡಿಗೆ ದಪ್ಪ ರಬ್ಬರಿನ ಮೆತ್ತೆ ಇಡಬೇಕು, ತಲೆಯ ಹತ್ತಿರ ಗೋಡೆಗೆ ಸ್ಪ್ರಿಂಗಿನ ಆಸರೆ ಕೊಡಬೇಕು. ಸೊಂಟದ ಮೇಲಿನ ಮಗುವಿನ ಹಾಗೆ. ಅಲುಗಾಡಲಿ, ಆದರೆ ಬೀಳಬಾರದು.”

ಮೂರನೆಯದು ಕೇಳುವಾಗ ನೀಲಾಂಬೆಯ ದನಿ ಸಣ್ಣಗಾಯಿತು. “ಅದಕ್ಕೆ ಗುಲಗಂಜಿಯಷ್ಟೂ ತೂಕವಿಲ್ಲ. ಆದರೂ ಹಡಗನ್ನೇ ಮಗುಚುತ್ತದೆ. ಅದು ಯಾವುದು?”

ದೂಮ ಸುತ್ತ ನೋಡಿದ. ಮಂತ್ರಿ ನೆಲ ನೋಡುತ್ತಿದ್ದ, ರಾಜನ ಸೇನಾಪತಿ ಸೂರು ನೋಡುತ್ತಿದ್ದ. ಉತ್ತರ ಇವರಿಗೆಲ್ಲ ಗೊತ್ತು! ಹೇಳಿದರೆ ತನ್ನ ಜೀವ ಹೋಗಬಹುದು, ಹೇಳದಿದ್ದರೆ ಅಪ್ಪನ ಜೀವ ಹೋಗುವುದು ಖಂಡಿತ.

“ಅದು ನಿಮ್ಮ ಅಪ್ಪಣೆ, ಒಡೆಯಾ” ಎಂದ ದೂಮ. “ಅಷ್ಟು ಭಾರ ತುದಿಗೇರಿದರೆ, ಒಮ್ಮೆ ವಾಲಿದ ಹಡಗು ಮತ್ತೆ ನೆಟ್ಟಗಾಗೂದಿಲ್ಲ. ನನ್ನ ಅಪ್ಪ ಹೇಳಿದ್ದೂ ಇದನ್ನೇ.”

“ಕಟ್ಟಿ ಇವನನ್ನು!” ರಾಜ ಗುಡುಗಿದ.

“ಕಟ್ಟಿ, ನಾನು ಓಡೂದಿಲ್ಲ. ನನ್ನ ಉತ್ತರ ತಪ್ಪಾದರೆ ಹಡಗು ಮಗುಚೂದಿಲ್ಲ, ಅಲ್ವಾ? ಹಾಗಾದರೆ ಹೆದರಿಕೆ ಯಾಕೆ? ನೀವೂ ಬನ್ನಿ. ಆ ಕಪಾಟಿನ ಪಕ್ಕ ಸಿಂಹಾಸನದಲ್ಲಿ ಕೂತುಕೊಳ್ಳಿ.”

ರಾಜ ಮಂತ್ರಿಯತ್ತ ತಿರುಗಿ, “ನೀನೂ ಜೊತೆಗೆ ಬರುತ್ತೀಯಲ್ಲ?” ಎಂದ. ಮಂತ್ರಿಗೆ ಆಗಲೇ ಸೊಂಟ ಹಿಡಿದುಕೊಂಡಿತು. ಸೇನಾಪತಿಗೆ ತಾಯಿಯ ತಿಥಿ ನೆನಪಾಯಿತು. ಇಷ್ಟು ದಿನ ಅಪ್ಪಣೆಗೆ ಭೇಷ್ ಭೇಷ್ ಎಂದ ಸಭೆಯಲ್ಲಿ ಹಡಗು ಹತ್ತುತ್ತೇನೆ ಎನ್ನುವವನು ಒಬ್ಬನೂ ಇರಲಿಲ್ಲ. ರಾಜ ಒಬ್ಬೊಬ್ಬರ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ಸಿಟ್ಟು ಇಳಿದು ನಾಚಿಕೆ ಏರಿತು.

“ಉತ್ತರ ಸರಿ” ಎಂದ, ಯಾರಿಗೂ ಕೇಳಿಸದ ಹಾಗೆ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, “ವರ ಕೇಳು” ಎಂದ.

“ಖಲಾಸಿ ಎತ್ತೂದಿಲ್ಲ ಅಂದರೆ ಅದು ಅಪರಾಧ ಆಗಬಾರದು. ಇಂದಿಗೂ, ನಾಳೆಗೂ.”

ಅಪರಾಧವೇ ಇಲ್ಲವಾದ ಮೇಲೆ ಬೂದಣ್ಣನಿಗೆ ಸೆರೆಯೂ ಇಲ್ಲ. ಅವನ ಜೊತೆಗೆ ನೆರೆರಾಜ್ಯದ ಸೇನಾಪತಿಯ ಮಗನನ್ನೂ ವ್ಯಾಪಾರಿಯನ್ನೂ ನೀಲಾಂಬೆಯೇ ಬಿಡಿಸಿ ಕಳಿಸಿದಳು.

“ಮದುವೆ ನಿಮಗೆ ಒಪ್ಪಿಗೆಯಾ?” ಎಂದು ದೂಮ ಅವಳನ್ನು ಕೇಳಿದ. “ಡಂಗುರದವ ಅದೊಂದು ಹೇಳಲಿಲ್ಲ.”

“ಮೂರನೆಯ ಉತ್ತರ ನನಗೆ ಮೊದಲೇ ಗೊತ್ತಿತ್ತು. ಅಪ್ಪನೆದುರು ಹೇಳುವ ಧೈರ್ಯ ಇರಲಿಲ್ಲ. ಹೇಳಿದವನನ್ನು ಬೇಡವೆನ್ನಲೇ?” ಎಂದಳು ಅವಳು.

ಮದುವೆಯೂ ಆಯಿತು. ಮರುದಿನ ಬೆಳಗ್ಗೆ ರಾಜ ತಾನೇ ಬಂದರಿಗೆ ಬಂದು, “ಕಪಾಟುಗಳನ್ನು ಕೆಳಗಿನ ಅಂತಸ್ತಿನಲ್ಲೇ ಇಡೋಣ. ಈಗಲಾದರೂ ಎತ್ತುತ್ತೀಯಾ ಬೂದಣ್ಣ?” ಎಂದು ಕೇಳಿದ.

“ಜಾಗ ನೋಡಿ ಬಂದು ಹೇಳ್ತೇನೆ” ಎಂದು ಬೂದಣ್ಣ ಮಗನನ್ನು ಕರೆದುಕೊಂಡು ಹಡಗು ಹತ್ತಿದ. ಅವನು ಏನು ಹೇಳುತ್ತಾನೋ ಎಂದು ರಾಜ ಬಿಸಿಲಲ್ಲಿ ನಿಂತು ಕಾದ.